ನಲವತ್ತು ತೆಂಡೆಯ ರಾಗಿ: ಬೀಜ ಹೊತ್ತು ತರುವುದೇನು?

ಹಾವೇರಿ ಸೀಮೆಯ ಗುಳಿ ರಾಗಿಯನ್ನು ನೋಡದವರು ಒಮ್ಮೆಯಾದರೂ ನೋಡಬೇಕು. ಹೊಲಕ್ಕೆ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆಯುತ್ತಾರೆ. ಗೆರೆಗಳು ಕೂಡುವ ಕಡೆ, ಅಂದರೆ ಸುಮಾರು ಒಂದೂವರೆ ಅಡಿಗೊಂದರಂತೆ ಗುಳಿ ಮಾಡಿ, ಒಂದು ಹಿಡಿ ಗೊಬ್ಬರ ಹಾಕಿ, ಗುಳಿಗೆ ಎರಡೇ ಪೈರು ನೆಡುತ್ತಾರೆ. ಪೈರು ಬೇರೂರಿದ ಮೇಲೆ ಎತ್ತು ಕಟ್ಟಿ, ಅದರ ಮೇಲೆಯೇ ಕೊರಡು ಎಳೆಸುತ್ತಾರೆ. ಮೊದಲ ಸಲ ನೋಡುವವರಿಗೆ ಎದೆ ಝಲ್ಲೆನ್ನುತ್ತದೆ. ಎಳೆಯ ಪೈರೆಲ್ಲ ನೆಲಕ್ಕೊರಗಿ ಮಲಗಿರುತ್ತದೆ. ಆದರೆ ಕೆಲವೇ ದಿನಗಳಲ್ಲಿ ಅದು ತಲೆ ಎತ್ತುತ್ತದೆ, ಬುಡದಿಂದ ತೆಂಡೆ, ಅಂದರೆ ಪಕ್ಕದ ಕವಲುದಂಟು, ಒಡೆಯತೊಡಗುತ್ತದೆ. ಕೊಯ್ಲಿನ ಹೊತ್ತಿಗೆ ಒಂದು ಗುಳಿಯಲ್ಲಿ ನಲವತ್ತು, ಐವತ್ತು ತೆಂಡೆ ಎಣಿಸಬಹುದು.

ಈಗ ಒಬ್ಬ ರೈತ ಆ ಗುಳಿಯ ತೆನೆಯನ್ನು ಬೇಡಿ ತಂದು, ತನ್ನ ಹೊಲದಲ್ಲಿ ವಾಡಿಕೆಯಂತೆ ಕೈಯಿಂದ ಎರಚಿ ಬಿತ್ತಿದ ಎನ್ನೋಣ. ಒತ್ತೊತ್ತಾಗಿ ಹುಟ್ಟಿದ ಪೈರಿಗೆ ಎರಡು ತೆಂಡೆ, ಹೆಚ್ಚೆಂದರೆ ಮೂರು. ಬೀಜ ಕೊಟ್ಟವನು ಮೋಸ ಮಾಡಿದನೇ? ಇಲ್ಲ. ಒಂದೇ ವರ್ಷದಲ್ಲಿ ಬೀಜ ಕೆಟ್ಟಿತೇ? ಅದೂ ಇಲ್ಲ. ಅದೇ ಬೀಜವನ್ನು ಮತ್ತೆ ಗುಳಿಯಲ್ಲಿಟ್ಟರೆ ಮತ್ತೆ ನಲವತ್ತು ತೆಂಡೆ ಬರುತ್ತದೆ.

ಗಿಡಗಳ ಅನುವಂಶೀಯತೆಯಲ್ಲಿ ಜನ ಎಡವುವುದು ಇಲ್ಲೇ ಎಂದು ನನಗೆ ಅನಿಸಿದೆ. ತಾಯಿಗಿಡದ ಎತ್ತರ, ತೆಂಡೆ, ತೆನೆಯ ಗಾತ್ರ ಎಲ್ಲವೂ ಗಂಟು ಕಟ್ಟಿದಂತೆ ಬೀಜದೊಳಗೆ ಕೂತು ಬರುತ್ತದೆ ಎಂದು ನಾವು ಭಾವಿಸುತ್ತೇವೆ. ಬೀಜದೊಳಗೆ ತೆಂಡೆಗಳಿಲ್ಲ, ಅವುಗಳ ಎಣಿಕೆಯೂ ಇಲ್ಲ. ಅದರಲ್ಲಿರುವುದು ಒಂದು ಕಟ್ಟಳೆ: ಇಂಥ ಬೆಳಕು ಸಿಕ್ಕರೆ ಹೀಗೆ ಮಾಡು, ಇಂಥ ಮಣ್ಣು ಸಿಕ್ಕರೆ ಹಾಗೆ ಮಾಡು. ತಾಯಿಯಿಂದ ಮಗುವಿಗೆ ದಾಟುವುದು ಆ ಕಟ್ಟಳೆ.

ತೆಂಡೆಯ ವಿಷಯದಲ್ಲಿ ಆ ಕಟ್ಟಳೆ ಏನು ಹೇಳುತ್ತದೆ ಎಂಬುದನ್ನು ಸಸ್ಯವಿಜ್ಞಾನಿಗಳು ಸಾಕಷ್ಟು ಬಿಡಿಸಿದ್ದಾರೆ. ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಇಡೀ ವಿಷಯದ ಸೊಗಸು ಇಲ್ಲಿದೆ.

ಹುಲ್ಲಿನ ಜಾತಿಯ ಪ್ರತಿ ಗಿಡಕ್ಕೂ ಬುಡದ ಒಂದೊಂದು ಎಲೆಯ ಕಂಕುಳಲ್ಲಿ ಒಂದೊಂದು ಮೊಗ್ಗು ಇರುತ್ತದೆ. ಪ್ರತಿ ಮೊಗ್ಗೂ ಒಂದು ತೆಂಡೆಯಾಗಬಲ್ಲದು. ಆದರೆ ಎಚ್ಚರಗೊಳ್ಳಲು ಅದಕ್ಕೆ ಅಪ್ಪಣೆ ಬೇಕು. ಗಿಡದ ತುದಿಯಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನು ಕೆಳಕ್ಕೆ ಹರಿದು ಬಂದು ಈ ಮೊಗ್ಗುಗಳನ್ನು ಮಲಗಿಸಿಡುತ್ತದೆ. ತುದಿಯ ಹಿಡಿತ ಸಡಿಲಾದಾಗ ಬುಡದ ಮೊಗ್ಗುಗಳು ಏಳುತ್ತವೆ. ತುಳಸಿಯ ತುದಿ ಚಿವುಟಿದರೆ ಗಿಡ ಪೊದೆಯಾಗುವುದು ಇದರಿಂದಲೇ. ಕೊರಡು ಮಾಡುವ ಕೆಲಸವೂ ಬಹುಮಟ್ಟಿಗೆ ಇದೇ ಬಗೆಯದು.

ಬೇರಿನಿಂದಲೂ ಒಂದು ಸುದ್ದಿ ಮೇಲಕ್ಕೆ ಹೋಗುತ್ತದೆ. ಮಣ್ಣಿನಲ್ಲಿ ರಂಜಕ ಕಡಿಮೆಯಿದ್ದರೆ ಬೇರುಗಳು ಸ್ಟ್ರೈಗೊಲ್ಯಾಕ್ಟೋನ್ ಎಂಬ ಇನ್ನೊಂದು ಹಾರ್ಮೋನನ್ನು ಹೆಚ್ಚಾಗಿ ತಯಾರಿಸುತ್ತವೆ. ಅದು ಮೇಲೇರಿ ಮೊಗ್ಗುಗಳನ್ನು ತಡೆಯುತ್ತದೆ. ಅದೇ ವಸ್ತು ಬೇರಿನಿಂದ ಮಣ್ಣಿಗೂ ಒಸರಿ, ರಂಜಕ ಹೊತ್ತು ತಂದುಕೊಡುವ ಶಿಲೀಂಧ್ರಗಳನ್ನು ಕರೆಯುತ್ತದೆ. ಮನೆಯಲ್ಲಿ ಕಾಳು ಕಡಿಮೆಯಾದಾಗ ಖರ್ಚು ಹಿಡಿಯುವುದು, ನೆರವಿಗೆ ಹೇಳಿಕಳಿಸುವುದು, ಎರಡೂ ಒಂದೇ ಅಣುವಿನ ಕೆಲಸ. ಗುಳಿಗೆ ಹಾಕಿದ ಒಂದು ಹಿಡಿ ಗೊಬ್ಬರ ಈ ತಡೆಯನ್ನು ತಗ್ಗಿಸುತ್ತದೆ.

ಇನ್ನು ಬೆಳಕು. ಹಸಿರೆಲೆ ಬಿಸಿಲಿನ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಕೆಂಪಿನ ಅಂಚಿನಾಚೆಗೆ, ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಬೆಳಕೊಂದಿದೆ. ಅದನ್ನು ಎಲೆ ಹೀರದೆ ದಾಟಲು ಬಿಡುತ್ತದೆ, ಇಲ್ಲವೇ ಪಕ್ಕಕ್ಕೆ ಚಿಮ್ಮಿಸುತ್ತದೆ. ಬಯಲಿನ ಬಿಸಿಲಿನಲ್ಲಿ ಇವೆರಡೂ ಸುಮಾರಾಗಿ ಸಮಸಮ. ದಟ್ಟ ಎಲೆಗಳ ಕೆಳಗೆ ಕೆಂಪಿನ ಪಾಲು ತೀರಾ ಕುಗ್ಗುತ್ತದೆ. ಗಿಡದಲ್ಲಿ ಫೈಟೋಕ್ರೋಮ್ ಎಂಬ ಪ್ರೋಟೀನು ಇದೆ. ಕೆಂಪು ಬೆಳಕು ಬಿದ್ದರೆ ಅದು ಒಂದು ರೂಪಕ್ಕೆ, ಕೆಂಪಿನಾಚೆಯ ಬೆಳಕು ಬಿದ್ದರೆ ಇನ್ನೊಂದು ರೂಪಕ್ಕೆ ಹೊರಳುತ್ತದೆ. ಯಾವ ರೂಪ ಎಷ್ಟಿದೆ ಎಂಬುದರಿಂದ ಗಿಡಕ್ಕೆ ಪಕ್ಕದಲ್ಲಿ ಯಾರಿದ್ದಾರೆ ಎಂದು ತಿಳಿಯುತ್ತದೆ. ಬೆರಗಿನ ಮಾತೆಂದರೆ, ನೆರಳು ಬೀಳುವ ಮೊದಲೇ ತಿಳಿಯುತ್ತದೆ. ಪಕ್ಕದ ಎಲೆಯಿಂದ ಚಿಮ್ಮಿದ ಬೆಳಕೇ ಸಾಕು. ಆಗ ಗಿಡ ಮೊಗ್ಗುಗಳನ್ನು ಮಲಗಿಸಿ, ಇದ್ದ ಶಕ್ತಿಯನ್ನೆಲ್ಲ ಎತ್ತರಕ್ಕೆ ಬೆಳೆಯಲು ಸುರಿಯುತ್ತದೆ. ಒತ್ತಾಗಿ ಎರಚಿದ ರಾಗಿಯಲ್ಲಿ ಆಗುವುದು ಅದೇ. ಗುಳಿ ಹೊಲದಲ್ಲಿ ಒಂದೂವರೆ ಅಡಿಯವರೆಗೆ ನೆರೆಯವರಿಲ್ಲ. ಬೆಳಕು ಹಾಗೆಂದು ಹೇಳುತ್ತದೆ, ಪೈರು ಹರಡಿಕೊಳ್ಳುತ್ತದೆ.

ಹಾಗಾದರೆ ಒಳ್ಳೆಯ ತೆನೆ ಆರಿಸಿ ಬೀಜಕ್ಕಿಡುವುದು ವ್ಯರ್ಥವೇ? ನಮ್ಮ ಅಜ್ಜಿ ಕೊಯ್ಲಿಗೆ ಮೊದಲೇ ಹೊಲಕ್ಕಿಳಿದು ತೆನೆ ಆರಿಸುತ್ತಿದ್ದರು. ಅವರ ತಾಯಿಯೂ, ತಾಯಿಯ ತಾಯಿಯೂ ಹಾಗೇ ಮಾಡಿದವರು. ಉಂಡೆ ರಾಗಿ, ರುದ್ರಜಡೆ, ಕರಿಗಿಡ್ಡ, ಜಗಳೂರು ರಾಗಿ, ಶರಾವತಿ ರಾಗಿ ಎಂದು ಇಷ್ಟೊಂದು ತಳಿಗಳು ನಮಗೆ ಉಳಿದು ಬಂದಿರುವುದು ಅಂಥವರ ಕೈಗುಣದಿಂದ. ಆ ಕೆಲಸ ವ್ಯರ್ಥವಾಗಿದ್ದರೆ ಇವು ಇರುತ್ತಲೇ ಇರಲಿಲ್ಲ.

ಇದಕ್ಕೆ ಉತ್ತರ ಕೊಟ್ಟವನು ಡೆನ್ಮಾರ್ಕಿನ ವಿಲ್ಹೆಲ್ಮ್ ಯೊಹಾನ್ಸೆನ್, 1903ರಲ್ಲಿ. ಅವನು ಹಿಡಿದದ್ದು ಹುರುಳಿಕಾಯಿಯ ಒಂದು ತಳಿಯ ಬೀಜವನ್ನು. ಅದು ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವ ಗಿಡ. ಹಾಗಾಗಿ ಒಂದು ಬೀಜದಿಂದ ಇಳಿದು ಬಂದ ಸಂತಾನವೆಲ್ಲ ಒಂದೇ ಅಚ್ಚು. ಹೀಗೆ 19 ಶುದ್ಧ ಸಾಲುಗಳನ್ನು ಅವನು ಬೇರೆಬೇರೆಯಾಗಿ ಬೆಳೆಸಿದ. ಸಾಲು ಸಾಲಿಗೆ ಬೀಜದ ಸರಾಸರಿ ತೂಕ ಬೇರೆ ಇತ್ತು. ತೀರಾ ಹಗುರವಾದ ಸಾಲಿನಲ್ಲಿ ಸುಮಾರು 0.35 ಗ್ರಾಂ, ತೀರಾ ತೂಕದ ಸಾಲಿನಲ್ಲಿ ಸುಮಾರು 0.64 ಗ್ರಾಂ. ಈ ವ್ಯತ್ಯಾಸ ಮಕ್ಕಳಿಗೂ ಹೋಯಿತು. ಆದರೆ ಒಂದೇ ಸಾಲಿನೊಳಗಿನ ದಪ್ಪ ಬೀಜ ಮತ್ತು ಸಣ್ಣ ಬೀಜಗಳನ್ನು ಬೇರ್ಪಡಿಸಿ ಬಿತ್ತಿದಾಗ ಎರಡರ ಮಕ್ಕಳ ಸರಾಸರಿಯೂ ಒಂದೇ. ತಲೆಮಾರಿನ ಮೇಲೆ ತಲೆಮಾರು ದಪ್ಪವನ್ನೇ ಆರಿಸುತ್ತ ಹೋದರೂ ಆ ಸಾಲಿನ ಬೀಜ ದಪ್ಪವಾಗಲಿಲ್ಲ. ಸಾಲಿನೊಳಗಿನ ದಪ್ಪ ಸಣ್ಣಗಳು ಮಣ್ಣು, ನೀರು, ಕಾಯಿಯೊಳಗೆ ಕೂತ ಜಾಗ ಇವುಗಳಿಂದ ಬಂದವು. ಕಣ್ಣಿಗೆ ಕಾಣುವ ರೂಪ ಬೇರೆ, ಒಳಗಿರುವ ಕಟ್ಟಳೆ ಬೇರೆ ಎಂದು ಕಂಡ ಯೊಹಾನ್ಸೆನ್ ಎರಡಕ್ಕೂ ಎರಡು ಹೆಸರು ಕೊಟ್ಟ: ಫಿನೋಟೈಪ್ ಮತ್ತು ಜೀನೋಟೈಪ್. ಜೀನ್ ಎಂಬ ಪದವನ್ನು 1909ರಲ್ಲಿ ಬಳಕೆಗೆ ತಂದವನೂ ಅವನೇ.

ರಾಗಿಯೂ ಹುರುಳಿಕಾಯಿಯಂತೆ ತನ್ನ ಪರಾಗವನ್ನೇ ನೆಚ್ಚಿದ ಗಿಡ. ಹಳೆಯ ನಾಟಿ ರಾಗಿಯ ಹೊಲ ಹೊರಗಿನಿಂದ ಒಂದೇ ತಳಿಯಂತೆ ಕಂಡರೂ ಒಳಗೆ ನೂರಾರು ಸಾಲುಗಳ ಸಂತೆ. ಅಂಥ ಹೊಲದಲ್ಲಿ ಆರಿಸಿದರೆ ಫಲವಿದೆ, ಏಕೆಂದರೆ ಒಂದು ಕಟ್ಟಳೆಯನ್ನು ಬಿಟ್ಟು ಇನ್ನೊಂದನ್ನು ಎತ್ತಿಕೊಂಡಂತಾಗುತ್ತದೆ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ನಡೆದದ್ದು ಈ ಬಗೆಯ ಆಯ್ಕೆಯೇ. ಎಚ್-22 ರಾಗಿ ಅಲ್ಲಿಂದ ಹೊರಟಿತು. ಅದೇ ಒಂದು ಶುದ್ಧ ಸಾಲಿನ ಹೊಲದಲ್ಲಿ ಅಜ್ಜಿ ನೂರು ವರ್ಷ ದಪ್ಪ ತೆನೆ ಆರಿಸಿದರೂ, ಯಾವತ್ತೋ ಒಮ್ಮೆ ಹೊಸ ಜೀನ್ ಬದಲಾವಣೆ ತಲೆದೋರದ ಹೊರತು, ರಾಗಿ ಇದ್ದಲ್ಲೇ ಇರುತ್ತದೆ.

ಕಟ್ಟಳೆ ಎಂದ ಮೇಲೆ ಇನ್ನೊಂದು ಪ್ರಶ್ನೆ ಬರುತ್ತದೆ. ಎರಡು ತಳಿಗಳಲ್ಲಿ ಯಾವುದು ಮೇಲು? ಬೇಸಾಯಗಾರರು ಒಬ್ಬರನ್ನೊಬ್ಬರು ದಿನವೂ ಕೇಳುವ ಪ್ರಶ್ನೆ ಇದು. ಎಲ್ಲಿ, ಯಾವ ಕಾಲಕ್ಕೆ ಎಂದು ಸೇರಿಸದಿದ್ದರೆ ಅದಕ್ಕೆ ಉತ್ತರವಿಲ್ಲ. ಇದನ್ನು ಮನಸ್ಸಿಗೆ ನಾಟುವಂತೆ ತೋರಿಸಿದವರು ಕ್ಯಾಲಿಫೋರ್ನಿಯಾದ ಕ್ಲಾಸೆನ್, ಕೆಕ್ ಮತ್ತು ಹೀಸಿ ಎಂಬ ಮೂವರು. 1930ರ ದಶಕದಲ್ಲಿ ಅವರು ಬೆಟ್ಟಗುಡ್ಡಗಳ ಕಾಡುಗಿಡಗಳನ್ನು ಬೇರುಸಮೇತ ತಂದು, ಒಂದೊಂದು ಗಿಡವನ್ನೂ ಮೂರು ಪಾಲು ಮಾಡಿದರು. ಒಂದು ಪಾಲನ್ನು ಕಡಲಮಟ್ಟಕ್ಕೆ ಹತ್ತಿರದ ಸ್ಟ್ಯಾನ್‌ಫರ್ಡ್‌ನಲ್ಲಿ, ಒಂದನ್ನು ಸುಮಾರು 1,400 ಮೀಟರ್ ಎತ್ತರದ ಮೇದರ್‌ನಲ್ಲಿ, ಇನ್ನೊಂದನ್ನು ಸುಮಾರು 3,050 ಮೀಟರ್ ಎತ್ತರದ, ಮರಗಳೇ ನಿಂತುಹೋಗುವ ಟಿಂಬರ್‌ಲೈನ್‌ನಲ್ಲಿ ನೆಟ್ಟರು. ಮೂರೂ ಕಡೆ ಇದ್ದದ್ದು ಅದೇ ಗಿಡ, ಅವೇ ಜೀನುಗಳು. ಆದರೂ ನೋಡಿದರೆ ಮೂರು ಬೇರೆ ಜಾತಿಗಳೇನೋ ಎನ್ನುವಷ್ಟು ವ್ಯತ್ಯಾಸ. ಕಡಲ ತೀರದ ಗಿಡ ಕೆಳಗೆ ಸೊಂಪಾಗಿ ಬೆಳೆಯಿತು, ಮೇಲೆ ಚಳಿಗೆ ಸತ್ತಿತು. ಎತ್ತರದ ಗಿಡ ಮೇಲೆ ಗಟ್ಟಿಯಾಗಿ ನಿಂತಿತು, ಕೆಳಗೆ ತಂದರೂ ಗಿಡ್ಡಾಗಿಯೇ ಉಳಿಯಿತು. ಗಿಡ್ಡತನದಲ್ಲಿ ಚಳಿಯ ಪಾಲೂ ಇತ್ತು, ಹುಟ್ಟಿನ ಪಾಲೂ ಇತ್ತು. ಎರಡನ್ನೂ ತೂಗಿ ಇಷ್ಟು ಇದರದು, ಇಷ್ಟು ಅದರದು ಎಂದು ಹಂಚಲು ಹೋದರೆ ಆ ಹಂಚಿಕೆ ಆ ಒಂದು ಜಾಗಕ್ಕೆ ಮಾತ್ರ ಸರಿ.

ಕಟ್ಟಳೆಯೇ ತಲೆಮಾರುಗಳಲ್ಲಿ ಬದಲಾಗುವುದನ್ನು ನೋಡಬೇಕೆಂದರೆ ಮೆಕ್ಸಿಕೋಗೆ ಹೋಗಬೇಕು. ಅಲ್ಲಿನ ಬಾಲ್ಸಸ್ ನದಿಯ ಕಣಿವೆಯಲ್ಲಿ ಸುಮಾರು 9,000 ವರ್ಷಗಳ ಹಿಂದೆ ಟಿಯೊಸಿಂಟೆ ಎಂಬ ಕಾಡುಹುಲ್ಲಿನಿಂದ ಮೆಕ್ಕೆಜೋಳ ಬಂತು. ಟಿಯೊಸಿಂಟೆ ನಮ್ಮ ರಾಗಿಯಂತೆಯೇ ನಡೆದುಕೊಳ್ಳುವ ಗಿಡ. ಒಂಟಿಯಾಗಿದ್ದರೆ ಬುಡದಿಂದ ಕವಲೊಡೆದು ಪೊದೆಯಾಗುತ್ತದೆ, ಗುಂಪಿನಲ್ಲಿ ಸಿಕ್ಕಿಕೊಂಡರೆ ಕವಲು ಬಿಟ್ಟು ನೆಟ್ಟಗೆ ನಿಲ್ಲುತ್ತದೆ. ಮೆಕ್ಕೆಜೋಳವನ್ನು ಹೊಲದ ನಡುವೆ ಒಂಟಿಯಾಗಿ ನೆಡಿ, ಅದು ಸಾಮಾನ್ಯವಾಗಿ ಒಂದೇ ದಂಟಿನಲ್ಲಿ ನಿಂತಿರುತ್ತದೆ. ಜಾನ್ ಡೋಬ್ಲಿ ಎಂಬ ಅಮೆರಿಕದ ವಿಜ್ಞಾನಿ ಮತ್ತು ಸಂಗಡಿಗರು ಇದರ ಹಿಂದಿರುವ ಜೀನನ್ನು ಹುಡುಕಿದರು. ಅದರ ಹೆಸರು ಟಿಬಿ1, ಮೊಗ್ಗುಗಳನ್ನು ಮಲಗಿಸಿಡುವುದು ಅದರ ಕೆಲಸ. ಟಿಯೊಸಿಂಟೆಯಲ್ಲಿ ಅದರ ಬಿಗಿ ಸುತ್ತಲಿನ ಸ್ಥಿತಿಯನ್ನು ನೋಡಿಕೊಂಡು ಏರಿಳಿಯುತ್ತದೆ. ಮೆಕ್ಕೆಜೋಳದಲ್ಲಿ, ಆ ಜೀನ್‌ನಿಂದ ಸುಮಾರು 60,000 ಅಕ್ಷರಗಳಷ್ಟು ದೂರದ ಡಿಎನ್‌ಎಯಲ್ಲಿ ಒಂದು ಅಲೆಮಾರಿ ತುಣುಕು ಬಂದು ಕೂತಿದೆ. ಅದರ ದೆಸೆಯಿಂದ ಜೀನ್‌ನ ದನಿ ಸುಮಾರು ಇಮ್ಮಡಿ ಗಟ್ಟಿಯಾಗಿದೆ. ಸುತ್ತ ಯಾರೂ ಇಲ್ಲದಿದ್ದರೂ ಮೆಕ್ಕೆಜೋಳ ಗುಂಪಿನಲ್ಲಿರುವಂತೆಯೇ ಬೆಳೆಯುತ್ತದೆ.

ಆ ತುಣುಕು ಬಂದು ಸೇರಿದ್ದು ಬೇಸಾಯ ಹುಟ್ಟುವುದಕ್ಕೂ ಬಹಳ ಮೊದಲು. ಕಾಡುಗಿಡಗಳಲ್ಲಿ ಎಲ್ಲೋ ಅಪರೂಪಕ್ಕೆ ಅಡಗಿದ್ದುದನ್ನು ಮೆಕ್ಸಿಕೋದ ರೈತರು ಕಣ್ಣಳತೆಯಲ್ಲಿ ಆರಿಸಿಕೊಂಡರು. ಜೀನ್ ಎಂಬ ಮಾತೇ ಇಲ್ಲದ ಕಾಲದಲ್ಲಿ, ಗಿಡವೊಂದು ಪರಿಸರಕ್ಕೆ ಕಿವಿಗೊಡುವ ರೀತಿಯನ್ನೇ ಅವರು ಬದಲಿಸಿದ್ದರು. ನನಗೆ ಇದಕ್ಕಿಂತ ದೊಡ್ಡ ಬೇಸಾಯದ ಸಾಧನೆ ಹೊಳೆಯುವುದಿಲ್ಲ.

ಇರುವ ಕಟ್ಟಳೆಗಳಲ್ಲಿ ಆರಿಸುವುದು ಒಂದು ದಾರಿ. ಎರಡು ಕಟ್ಟಳೆಗಳನ್ನು ಬೆರೆಸಿ ಹೊಸದನ್ನು ಪಡೆಯುವುದು ಇನ್ನೊಂದು. ರಾಗಿಯಲ್ಲಿ ಈ ಎರಡನೆಯ ದಾರಿ ಬಹಳ ಕಷ್ಟದ್ದು. ಹೂವು ಕಡ್ಡಿತಲೆಗಿಂತ ಸಣ್ಣದು, ಅರಳುವುದು ನಡುರಾತ್ರಿ ಕಳೆದು ಬೆಳಕು ಹರಿಯುವ ಮೊದಲು, ಮತ್ತು ಅರಳುವಷ್ಟರಲ್ಲಿ ತನ್ನ ಪರಾಗವೇ ತನಗೆ ಬಿದ್ದಿರುತ್ತದೆ. ಮಂಡ್ಯದ ವಿ.ಸಿ. ಫಾರಂ ಎಂಬ ಬೇಸಾಯ ಸಂಶೋಧನಾ ಕೇಂದ್ರದಲ್ಲಿ ಇದನ್ನು ಸಾಧಿಸಿದವರು ಜನ ರಾಗಿ ಲಕ್ಷ್ಮಣಯ್ಯ ಎಂದೇ ಕರೆದ ಸಿ.ಎಚ್. ಲಕ್ಷ್ಮಣಯ್ಯ ಅವರು. ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಅವರ ಕೈಯಿಂದ ಬಂದ ತಳಿಗಳು. ಆಮೇಲೆ ಅವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಬೆರೆಸಿದರು. ಇಂಡಿಯಾದ ಇಂಡ್, ಆಫ್ರಿಕಾದ ಆಫ್ ಸೇರಿ ಇಂಡಾಫ್ ಎಂಬ ಹೆಸರಾಯಿತು. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಸಾವಿರಾರು ವರ್ಷಗಳ ಹಿಂದೆ ಅಗಲಿದ ಎರಡು ಕವಲುಗಳು ಮಂಡ್ಯದಲ್ಲಿ ಮತ್ತೆ ಕೂಡಿದವು.

ಬೆರಕೆ ಬಿದ್ದಿದೆ ಎಂದು ತಿಳಿಯುವುದು ಹೇಗೆ? ರಾಗಿಯಲ್ಲಿ ಹಸಿರು ಗಿಣ್ಣಿನ ತಳಿಗಳೂ ಇವೆ, ನೇರಳೆ ಗಿಣ್ಣಿನ ತಳಿಗಳೂ ಇವೆ. ನೇರಳೆ ಬಣ್ಣ ಹಸಿರಿನ ಮೇಲೆ ಪ್ರಬಲ. ಹಸಿರು ತಾಯಿಯ ತೆನೆಗೆ ನೇರಳೆ ತಂದೆಯ ತೆನೆಯನ್ನು ಒತ್ತಿ ಕಟ್ಟುತ್ತಾರೆ. ಬಂದ ಬೀಜ ಬಿತ್ತಿದಾಗ ಬಹುಪಾಲು ಹಸಿರೇ ಹುಟ್ಟುತ್ತವೆ, ಅವು ತಾಯಿ ತನ್ನ ಪರಾಗದಿಂದಲೇ ಕಟ್ಟಿದವು. ನಡುವೆ ಎಲ್ಲೋ ಒಂದು ನೇರಳೆ ಕಂಡರೆ ಅದು ಬೆರಕೆಯ ಮಗು. ಹಸಿರಿನ ಜೀನ್ ಆ ಮಗುವಿನಲ್ಲಿ ಕಾಣದಿದ್ದರೂ ಅಳಿದಿಲ್ಲ, ಮೊಮ್ಮಕ್ಕಳಲ್ಲಿ ಮತ್ತೆ ತೋರುತ್ತದೆ. ಆ ತಲೆಮಾರಿನಲ್ಲಿ ಬಣ್ಣ, ಎತ್ತರ, ಮಾಗುವ ಕಾಲ, ಬೆಂಕಿರೋಗ ತಡೆಯುವ ಗುಣ ಎಲ್ಲವೂ ಕಲಸಿ, ಗಿಡಕ್ಕೊಂದು ಬಗೆಯಾಗಿ ಹೊರಬರುತ್ತವೆ. ಬೇಕಾದದ್ದನ್ನು ಆರಿಸಿ, ಮತ್ತೆ ತನ್ನ ಪರಾಗಕ್ಕೇ ಬಿಡುತ್ತ ಹೋದರೆ ಪ್ರತಿ ತಲೆಮಾರಿಗೂ ಬೆರಕೆತನ ಅರ್ಧಕ್ಕಿಳಿಯುತ್ತದೆ. ಏಳು ಬಾರಿ ಹೀಗೆ ಮಾಡಿದರೆ ಉಳಿಯುವುದು ನೂರಕ್ಕೆ ಒಂದಕ್ಕಿಂತ ಕಡಿಮೆ. ಹೊಸ ತಳಿಗೆ ಅಷ್ಟು ವರ್ಷ ಹಿಡಿಯುವುದು ಇದಕ್ಕೇ. ಇಂಡಾಫ್ ಸಾಲಿನಲ್ಲಿ ಒಂದು ಮುಂಗಾರಿಗೆ, ಇನ್ನೊಂದು ಹಿಂಗಾರಿನ ಚಳಿಗೆ, ಮತ್ತೊಂದು ಬೇಸಿಗೆಗೆ ಎಂದು ಬೇರೆಬೇರೆ ತಳಿಗಳಿದ್ದವು. ಒಂದೇ ತಳಿ ಎಲ್ಲ ಕಾಲಕ್ಕೂ ಆಗದು ಎಂದು ಲಕ್ಷ್ಮಣಯ್ಯ ಅವರಿಗೆ ಗೊತ್ತಿತ್ತು.

ಇಷ್ಟೆಲ್ಲ ಕೇಳಿದ ಮೇಲೂ ಒಂದು ಅನುಮಾನ ಉಳಿಯುತ್ತದೆ. ಗಿಡ ತನ್ನ ಬಾಳಿನಲ್ಲಿ ಕಂಡುಂಡದ್ದು, ಬರ, ಚಳಿ, ಹಸಿವು, ಸ್ವಲ್ಪವೂ ಬೀಜಕ್ಕೆ ಹೋಗುವುದಿಲ್ಲವೇ? ಸೋವಿಯತ್ ದೇಶದಲ್ಲಿ ಟ್ರೊಫಿಮ್ ಲೈಸೆಂಕೊ ಹೋಗುತ್ತದೆ ಎಂದು ಸಾರಿದ. ಚಳಿ ತೋರಿಸಿದ ಗೋಧಿಯ ಸ್ವಭಾವವೇ ಬದಲಾಗಿ ಅದು ಮಕ್ಕಳಿಗೂ ದಾಟುತ್ತದೆ ಎಂದ. ರಾಜಕೀಯ ಅವನ ಬೆನ್ನಿಗೆ ನಿಂತಿತು. ಜಗತ್ತಿನ ಮೂಲೆಮೂಲೆಯಿಂದ ಬೀಜ ಕೂಡಿಟ್ಟ ನಿಕೊಲಾಯ್ ವಾವಿಲೋವ್ ಅವರನ್ನು 1940ರಲ್ಲಿ ಬಂಧಿಸಿದರು, 1943ರಲ್ಲಿ ಅವರು ಸರಾತೊವ್‌ನ ಸೆರೆಮನೆಯಲ್ಲಿ ಸತ್ತರು. ಬೀಜದ ಬಗ್ಗೆ ಒಂದು ತಪ್ಪು ತಿಳಿವಳಿಕೆಗೆ ಇಷ್ಟು ದೊಡ್ಡ ಬೆಲೆ ತೆತ್ತದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಚಳಿಯನ್ನು ಗಿಡ ನೆನಪಿಡುವುದು ಮಾತ್ರ ನಿಜ. ಸಾಸಿವೆಯ ಬಳಗದ ಅರಾಬಿಡೋಪ್ಸಿಸ್ ಎಂಬ ಸಣ್ಣ ಗಿಡದಲ್ಲಿ ಎಫ್‌ಎಲ್‌ಸಿ ಎಂಬ ಜೀನ್ ಹೂ ಬಿಡುವುದನ್ನು ತಡೆದಿಡುತ್ತದೆ. ವಾರಗಟ್ಟಲೆ ಚಳಿ ಬಿದ್ದಾಗ ಆ ಜೀನ್ ಸುತ್ತಿಕೊಂಡಿರುವ ಪ್ರೋಟೀನುಗಳ ಮೇಲೆ ರಾಸಾಯನಿಕ ಗುರುತುಗಳು ಬಿದ್ದು ಜೀನ್ ಮೌನವಾಗುತ್ತದೆ. ಚಳಿ ಕಳೆದರೂ ಗುರುತು ಉಳಿದು, ವಸಂತದಲ್ಲಿ ಗಿಡ ಹೂ ಬಿಡುತ್ತದೆ. ಇಂಗ್ಲೆಂಡಿನ ನಾರಿಚ್‌ನಲ್ಲಿ ಕ್ಯಾರೊಲಿನ್ ಡೀನ್ ಮತ್ತು ಅವರ ತಂಡ ದಶಕಗಳಿಂದ ಬಿಡಿಸುತ್ತ ಬಂದ ಕಥೆ ಇದು. ಆದರೆ ಬೀಜ ರೂಪುಗೊಳ್ಳುವಾಗ ಆ ಗುರುತು ಅಳಿಸಿಹೋಗುತ್ತದೆ. ಅಳಿಸಲೇಬೇಕು. ಇಲ್ಲವಾದರೆ ಮರಿಗಿಡ ತಾನು ಕಾಣದ ಚಳಿಯನ್ನು ನಂಬಿ, ಮುಂದಿನ ಚಳಿಗಾಲಕ್ಕೆ ಮೊದಲೇ ಹೂ ಬಿಟ್ಟು ಕೆಡುತ್ತದೆ. ತಾಯಿಯ ನೆನಪು ಮಗುವಿಗೆ ಅಪಾಯ.

ಅಳಿಸದೆ ಉಳಿದ ಗುರುತುಗಳೂ ಅಪರೂಪಕ್ಕೆ ಇವೆ. ಸ್ವೀಡನ್ನಿನ ಲಿನೇಯಸ್ 1744ರಲ್ಲಿ ಲಿನಾರಿಯಾ ಎಂಬ ಗಿಡದ ವಿಚಿತ್ರ ಹೂವೊಂದನ್ನು ವರ್ಣಿಸಿದ. ಎಡಬಲ ಮಾತ್ರ ಸಮನಾಗಿರಬೇಕಾದ ಹೂವು ಸುತ್ತಲೂ ಸಮನಾಗಿತ್ತು. 1999ರಲ್ಲಿ ಎನ್ರಿಕೊ ಕೋಯೆನ್ ಮತ್ತು ಸಂಗಡಿಗರು ಅಂಥ ಹೂವನ್ನು ಪರೀಕ್ಷಿಸಿದಾಗ ಸಂಬಂಧಪಟ್ಟ ಜೀನ್‌ನ ಅಕ್ಷರ ಬದಲಾಗಿರಲಿಲ್ಲ. ಅದರ ಮೇಲೆ ಮಿಥೈಲ್ ಗುರುತು ದಟ್ಟವಾಗಿ ಬಿದ್ದು ಜೀನ್ ಮೂಕವಾಗಿತ್ತು. ಆ ಗುರುತು ಮಕ್ಕಳಿಗೂ ಹೋಗುತ್ತದೆ, ಕೆಲವೊಮ್ಮೆ ಒಂದೇ ಗಿಡದಲ್ಲಿ ಕಳಚಿಕೊಂಡು ಹಳೆಯ ರೂಪದ ಹೂವೂ ಬರುತ್ತದೆ.

ಇನ್ನೊಂದು ಮಾತು, ಇದು ಪ್ರಾಣಿಗಳಿಗಿಲ್ಲದ ಸೌಲಭ್ಯ. ಗಿಡದ ಯಾವುದೋ ಕೊಂಬೆಯ ತುದಿಯಲ್ಲಿ ಜೀನ್ ಬದಲಾದರೆ ಆ ಕೊಂಬೆಯೇ ಹೊಸ ತಳಿಯಾಗಬಲ್ಲದು, ಏಕೆಂದರೆ ಹೂವು ಹುಟ್ಟುವುದೂ ಆ ತುದಿಯಿಂದಲೇ, ಕಡ್ಡಿ ಕತ್ತರಿಸಿ ನೆಟ್ಟರೆ ಗಿಡವಾಗುವುದೂ ಅದರಿಂದಲೇ. ವಿಜಯಪುರದ ಕಡೆ ಬೆಳೆಯುವ ಉದ್ದ ಕಾಯಿಯ ಸೊನಾಕ ದ್ರಾಕ್ಷಿ, ಥಾಮ್ಸನ್ ಸೀಡ್‌ಲೆಸ್‌ನಲ್ಲಿ ಹೀಗೆ ಕಾಣಿಸಿಕೊಂಡು, ಸೊಲ್ಲಾಪುರ ಸೀಮೆಯ ರೈತರೊಬ್ಬರ ಕಣ್ಣಿಗೆ ಬಿದ್ದದ್ದು.

ಮತ್ತೆ ರಾಗಿಗೆ ಬರುತ್ತೇನೆ. ಅಜ್ಜಿ ತೆನೆ ಆರಿಸಲು ಹೋದಾಗ ಬದುವಿನ ಪಕ್ಕದ ಸಾಲಿಗೆ ಕೈ ಹಾಕುತ್ತಿರಲಿಲ್ಲ. ಅಲ್ಲಿನ ತೆನೆಗಳು ಹೊಲದಲ್ಲೆಲ್ಲ ದಪ್ಪ, ಚಿಕ್ಕವನಾದ ನನ್ನ ಕೈ ಮೊದಲು ಹೋಗುತ್ತಿದ್ದದ್ದು ಅಲ್ಲಿಗೇ. "ಅದು ಬದೀನ್ ತೆನೆ, ಬ್ಯಾಡ ಮಗ. ಒಳೀಕೆ ಬಾ" ಎನ್ನುತ್ತಿದ್ದರು. ತಿಪ್ಪೆ ಗೊಬ್ಬರ ಸುರಿದಿದ್ದ ಜಾಗವನ್ನೂ ಬಿಡುತ್ತಿದ್ದರು. ಹೊಲದ ನಡುವೆ, ನಾಲ್ಕೂ ಕಡೆ ಪೈರು ಒತ್ತಿಕೊಂಡಿರುವ ಕಡೆ, ಅಕ್ಕಪಕ್ಕದವಕ್ಕಿಂತ ಚೆನ್ನಾಗಿ ನಿಂತ ಗಿಡವನ್ನು ಹುಡುಕುತ್ತಿದ್ದರು. ಬದುವಿನ ಗಿಡಕ್ಕೆ ಒಂದು ಕಡೆ ನೆರೆಯಿಲ್ಲ, ಬೆಳಕು ಹೆಚ್ಚು, ಬೇರಿಗೆ ಜಾಗ ಹೆಚ್ಚು. ಅದರ ದಪ್ಪ ಬದುವಿನದು. ನಡುವಿನ ಗಿಡಕ್ಕೆ ಸಿಕ್ಕಿದ್ದು ಪಕ್ಕದ ಗಿಡಗಳಿಗೆ ಸಿಕ್ಕಿದ್ದೇ ಬೆಳಕು, ಅದೇ ಮಣ್ಣು, ಅದೇ ಹಸ್ತ ಚಿತ್ತೆಯ ಮಳೆ. ಅಷ್ಟರಲ್ಲೇ ಅದು ಮೇಲಾಗಿದ್ದರೆ, ಆ ಮೇಲ್ತನ ಬೀಜದ್ದಾಗಿರುವ ಸಂಭವ ಹೆಚ್ಚು. ಆರಿಸಿದ ತೆನೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು, ಅಟ್ಟದ ತೊಲೆಗೆ ಬೇರೆಯಾಗಿ ತೂಗುಹಾಕುತ್ತಿದ್ದರು.